ಎಂಜಿನ್‌ಗೆ ಕೈ ಹಾಕುವ ಮೊದಲು

— ಅಣ್ಣ, ಸ್ವಿಫ್ಟ್‌ನಂಥ ಸಣ್ಣ ಕಾರನ್ನು ರೇಸ್ ಟ್ರ್ಯಾಕ್‌ಗೆ ಸಜ್ಜು ಮಾಡಬೇಕು ಅಂದರೆ ಯಾವ ಗ್ಯಾರೇಜ್‌ನಲ್ಲೂ ಮೊದಲು ಏಳುವ ಮಾತು ಎಂಜಿನ್‌ದು. ಏರ್ ಫಿಲ್ಟರ್ ಬದಲಿಸು, ಸೈಲೆನ್ಸರ್ ಬದಲಿಸು, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಇಸಿಯುವನ್ನು ರೀಮ್ಯಾಪ್ ಮಾಡಿಸು ಅನ್ನುತ್ತಾರೆ. ನೀವು ಮಾತ್ರ ಎಂಜಿನ್‌ಗೆ ಕೈ ಹಾಕುವುದು ಎಲ್ಲಕ್ಕಿಂತ ಕೊನೆಗೆ ಅನ್ನುತ್ತೀರಿ. 1.2 ಲೀಟರಿನ, 90 ಅಶ್ವಶಕ್ತಿಯ ಗಾಡಿಗೆ ಕೊರತೆ ಇರುವುದೇ ಶಕ್ತಿಯದಲ್ಲವೇ? ಇಲ್ಲದ್ದನ್ನು ಮೊದಲು ತುಂಬಿಸಿಕೊಳ್ಳುವುದು ತಪ್ಪು ಹೇಗಾಗುತ್ತದೆ?

— ಕೊರತೆ ಇದೆ, ಒಪ್ಪಿದೆ. ಆದರೆ ಟ್ರ್ಯಾಕಿನ ಮೇಲೆ ಆ ಗಾಡಿ ಅತಿ ಹೆಚ್ಚು ಕೆಲಸ ಮಾಡುವುದು ಎಲ್ಲಿ ಎಂದು ಒಮ್ಮೆ ಲೆಕ್ಕ ಹಾಕಿ ನೋಡು. ಕಾರು ಸುಮಾರು 880 ಕಿಲೋ, ಅದರ ಮೇಲೆ ನೀನು, ಹೆಲ್ಮೆಟ್ಟು, ಪೆಟ್ರೋಲು. ಒಟ್ಟು 1000 ಕಿಲೋ ಎಂದಿಟ್ಟುಕೊಳ್ಳೋಣ. ನೇರ ರಸ್ತೆಯ ಕೊನೆಯಲ್ಲಿ ಗಂಟೆಗೆ 144 ಕಿಲೋಮೀಟರ್ ಮುಟ್ಟಿದ್ದೀಯ, ತಿರುವಿಗೆ ಅದನ್ನು ಅರ್ಧಕ್ಕೆ, 72ಕ್ಕೆ ಇಳಿಸಬೇಕು. ಆಗ ಕಳೆಯಬೇಕಾದ ಚಲನಶಕ್ತಿ 600 ಕಿಲೋಜೂಲ್. ಒಳ್ಳೆಯ ಟೈರಿದ್ದು ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಇದಿಷ್ಟೂ ಎರಡೂವರೆ ಸೆಕೆಂಡಿನಲ್ಲಿ ಮುಗಿಯುತ್ತದೆ. ಅಂದರೆ ಆ ಎರಡೂವರೆ ಸೆಕೆಂಡು ನಿನ್ನ ಬ್ರೇಕು 240 ಕಿಲೋವ್ಯಾಟ್‌ನಷ್ಟು ಕೆಲಸ ಮಾಡುತ್ತಿದೆ. ಎಂಜಿನ್ ಉಸಿರು ಬಿಗಿಹಿಡಿದು ಕೊಡುವುದು 66 ಕಿಲೋವ್ಯಾಟ್. ಗಾಡಿಯಲ್ಲಿರುವ ಬಲಶಾಲಿ ಯಂತ್ರ ಬಾನೆಟ್ಟಿನ ಕೆಳಗಿಲ್ಲ, ಮುಂದಿನ ಎರಡು ಚಕ್ರಗಳ ಒಳಗಿದೆ. ಈ ಶಕ್ತಿಯೆಲ್ಲ ಹೋಗುವುದು ಬಿಸಿಯಾಗಿ. ಮುಂದಿನ ಬ್ರೇಕು ಅದರಲ್ಲಿ ನೂರಕ್ಕೆ ಎಪ್ಪತ್ತು ಪಾಲು ಹೊರುತ್ತದೆ ಅಂತಿಟ್ಟುಕೋ. ಒಂದೊಂದು ಡಿಸ್ಕ್ ಐದು ಕಿಲೋ ಬೀಡುಕಬ್ಬಿಣವಾದರೆ ಒಂದೇ ಒಂದು ಸಲ ಬ್ರೇಕ್ ಹಾಕಿದ್ದಕ್ಕೆ ಅದರ ಉಷ್ಣತೆ 85ರಿಂದ 90 ಡಿಗ್ರಿ ಏರುತ್ತದೆ. ಚೆನ್ನೈ ಬಳಿಯ ಇರುಂಗಾಟುಕೋಟೈ ಟ್ರ್ಯಾಕಿನಲ್ಲಿ 3.7 ಕಿಲೋಮೀಟರಿನೊಳಗೆ 12 ತಿರುವುಗಳಿವೆ. ಎಲ್ಲ ತಿರುವಿಗೂ ಇಷ್ಟು ಜೋರಾಗಿ ಬ್ರೇಕ್ ಬೇಡ. ಆದರೂ ಒಂದು ಬಿಸಿ ಆರುವ ಮೊದಲೇ ಇನ್ನೊಂದು ಬಂದು ಕೂರುತ್ತದೆ. ಮೂರು ನಾಲ್ಕು ಸುತ್ತಿನಲ್ಲಿ ಡಿಸ್ಕು ಹಲವು ನೂರು ಡಿಗ್ರಿಗೆ ಹೋಗುತ್ತದೆ. ಬೆಂಗಳೂರಿನ ಸಿಗ್ನಲ್ಲಿಂದ ಸಿಗ್ನಲ್ಲಿಗೆ ಓಡಾಡಲು ಮಾಡಿದ ಪ್ಯಾಡು ಆ ಬಿಸಿಯಲ್ಲಿ ಹಿಡಿತ ಬಿಡುತ್ತದೆ. ಈಗ ಇದೇ ಗಾಡಿಗೆ ಇನ್ನೂ ಹತ್ತು ಅಶ್ವಶಕ್ತಿ ಕೂಡಿಸಿದರೆ ನೀನು ಅದೇ ತಿರುವಿಗೆ ಇನ್ನಷ್ಟು ವೇಗದಲ್ಲಿ ಬರುತ್ತೀಯ, ಮೊದಲೇ ಸೋಲುತ್ತಿರುವ ಅಂಗಕ್ಕೆ ಇನ್ನಷ್ಟು ಹೊರೆ ಹೊರಿಸುತ್ತೀಯ.

— ಹಾಗಿದ್ದರೆ ದೊಡ್ಡ ಡಿಸ್ಕು, ದೊಡ್ಡ ಕ್ಯಾಲಿಪರ್ ಇರುವ ಬ್ರೇಕ್ ಕಿಟ್ ಹಾಕಿಸಿದರೆ ಆಯಿತಲ್ಲ?

— ಅವಸರ ಬೇಡ. ಕಂಪನಿಯ ಬ್ರೇಕಿನಲ್ಲೇ ಪೂರ್ತಿ ಒತ್ತಿದರೆ ಎಬಿಎಸ್ ಕೆಲಸಕ್ಕೆ ಬರುತ್ತದೆ, ಕಾಲಡಿ ಟಕಟಕ ಅನ್ನುತ್ತದೆ. ಅದರರ್ಥ ಬ್ರೇಕಿಗೆ ಚಕ್ರವನ್ನು ನಿಲ್ಲಿಸುವ ತಾಕತ್ತು ಈಗಾಗಲೇ ಇದೆ. ಮಿತಿ ಇರುವುದು ಟೈರು ಮತ್ತು ನೆಲದ ನಡುವೆ. ಎಷ್ಟೇ ದೊಡ್ಡ ಡಿಸ್ಕ್ ಹಾಕಿದರೂ ಮೊದಲನೇ ಸಲದ ಬ್ರೇಕಿನಲ್ಲಿ ಗಾಡಿ ಒಂದಡಿಯೂ ಬೇಗ ನಿಲ್ಲುವುದಿಲ್ಲ. ಅದರ ಉಪಯೋಗವೆಲ್ಲ ಹತ್ತನೇ ಸಲಕ್ಕೆ, ಬಿಸಿಯನ್ನು ಹೊತ್ತು ಗಾಳಿಗೆ ಬಿಡುವುದಕ್ಕೆ. ಆ ಬಿಸಿಯ ಪ್ರಶ್ನೆಗೆ ತುಂಬ ಅಗ್ಗದ ಉತ್ತರಗಳಿವೆ: ಹೆಚ್ಚು ಉಷ್ಣತೆ ತಡೆಯುವ ಪ್ಯಾಡು, ಹೊಸ ಬ್ರೇಕ್ ಆಯಿಲ್. ಬ್ರೇಕ್ ಆಯಿಲನ್ನು ನಮ್ಮಲ್ಲಿ ಬಹಳ ಜನ ಗಣನೆಗೇ ತರುವುದಿಲ್ಲ. ಅದು ಗಾಳಿಯಲ್ಲಿರುವ ತೇವವನ್ನು ಸದ್ದಿಲ್ಲದೆ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬುದು ಮಾನದಂಡ. ನೀರು ಸೇರಿದ ಮೇಲೆ ಅದೇ ಮಾನದಂಡ 155ಕ್ಕೆ ಇಳಿಯುತ್ತದೆ. ಎರಡು ಮಳೆಗಾಲ ಕಂಡ ಆಯಿಲ್ ತುಂಬಿಕೊಂಡು ಟ್ರ್ಯಾಕ್‌ಗೆ ಹೋದರೆ ಕ್ಯಾಲಿಪರಿನೊಳಗೆ ಅದು ಕುದಿದು ಗುಳ್ಳೆ ಏಳುತ್ತದೆ. ದ್ರವ ಒತ್ತಡಕ್ಕೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಆಗ ಪೆಡಲ್ ಮೆತ್ತಗಾಗಿ ನೆಲಕ್ಕೆ ಹೋಗಿ ತಾಗುತ್ತದೆ, ಗಾಡಿ ಹಾಗೇ ಮುಂದೆ ಹೋಗುತ್ತದೆ. ಸೈಲೆನ್ಸರಿಗೆ ಸುರಿಯುವ ದುಡ್ಡಿನ ಒಂದು ಸಣ್ಣ ಪಾಲು ಸಾಕು ಇದನ್ನು ತಪ್ಪಿಸಲು. ಇದನ್ನು ಬಿಟ್ಟು ಬೇರೆ ಏನನ್ನೇ ಮೊದಲು ಮಾಡಿದರೂ ಅದನ್ನು ಸರಿ ಅನ್ನಲಾರೆ.

— ಸರಿ, ನಿಲ್ಲುವುದಾಯಿತು. ಆದರೆ ನಿಂತು ಯಾರೂ ರೇಸ್ ಗೆಲ್ಲುವುದಿಲ್ಲವಲ್ಲ ಅಣ್ಣ. ಓಡಬೇಕು.

— ಓಡುವುದೆಂದರೆ ನೇರ ಓಡುವುದು ಅಂತ ನಿನ್ನ ಮನಸ್ಸಿನಲ್ಲಿದೆ. ಸಣ್ಣ ಕಾರು ಸಮಯ ಉಳಿಸುವುದು ತಿರುವಿನಲ್ಲಿ. 50 ಮೀಟರ್ ತ್ರಿಜ್ಯದ ಒಂದು ತಿರುವು ತೆಗೆದುಕೋ. ಮೈಲೇಜಿಗಾಗಿ ಮಾಡಿದ ಗಟ್ಟಿ ರಬ್ಬರಿನ ಟೈರಿನ ಹಿಡಿತದ ಗುಣಾಂಕ 0.9 ಇದ್ದರೆ ಅಲ್ಲಿ ಗಂಟೆಗೆ 76 ಕಿಲೋಮೀಟರಿಗೆ ಗಾಡಿ ಜಾರಲು ಶುರುವಾಗುತ್ತದೆ. ಮೆತ್ತನೆ ರಬ್ಬರಿನ ಟೈರಿನಿಂದ ಅದು 1.1 ಆದರೆ ಅದೇ ತಿರುವನ್ನು ಸುಮಾರು 84ರಲ್ಲಿ ದಾಟಬಹುದು. ಎಂಟು ಕಿಲೋಮೀಟರು ಏನು ಮಹಾ ಅನ್ನಿಸಬಹುದು. ಈ ಗಾಡಿಯ ಎಂಜಿನ್ ಅದನ್ನು 76ರಿಂದ 84ಕ್ಕೆ ಏರಿಸಬೇಕಾದರೆ, ಚಕ್ರಕ್ಕೆ 50 ಕಿಲೋವ್ಯಾಟ್ ತಲುಪಿದರೂ, ಪೂರ್ತಿ ಒಂದು ಸೆಕೆಂಡು ಬೇಕು. ಸುತ್ತಿನ ಸಮಯ ಪ್ರತಿ ತಿರುವಿಗೂ ಒಂದೊಂದು ಸೆಕೆಂಡು ಇಳಿಯುತ್ತದೆ ಎಂದು ನಾನು ಹೇಳುತ್ತಿಲ್ಲ. ಎಂಜಿನ್ ಒಂದು ಸೆಕೆಂಡು ದುಡಿದು ಕೊಡಬೇಕಾದ ವೇಗವನ್ನು ಟೈರು ನಿನಗೆ ತಿರುವಿನ ಬಾಯಲ್ಲೇ ಕೊಟ್ಟು ಕಳಿಸುತ್ತದೆ, ಮುಂದಿನ ನೇರ ರಸ್ತೆಯುದ್ದಕ್ಕೂ ಅದು ನಿನ್ನ ಜೊತೆಗಿರುತ್ತದೆ. ಬ್ರೇಕಿನಲ್ಲಿ ಮಿತಿ ಟೈರಿನದು ಅಂದೆನಲ್ಲ, ಅಲ್ಲಿಯೂ ಈ ಹಿಡಿತ ಕೆಲಸಕ್ಕೆ ಬರುತ್ತದೆ. ಎಂಜಿನ್‌ಗೆ ಹಾಕಿದ ದುಡ್ಡು ಗಾಡಿಯನ್ನು ಮುಂದಕ್ಕೆ ನೂಕುವ ಕೆಲಸವೊಂದನ್ನೇ ಮಾಡುತ್ತದೆ. ಅದರಲ್ಲೂ ವೇಗ ಹೆಚ್ಚಿದಂತೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದಷ್ಟು ಬೆಳೆಯುತ್ತದೆ. ಹಾಗಾಗಿ ಎಂಜಿನ್ ಶಕ್ತಿ ನೂರಕ್ಕೆ ಹತ್ತು ಹೆಚ್ಚಿದರೆ ಗರಿಷ್ಠ ವೇಗ ಹೆಚ್ಚುವುದು ನೂರಕ್ಕೆ ಮೂರು ಮಾತ್ರ. ಟರ್ಬೊ ಇಲ್ಲದ ಸಣ್ಣ ಎಂಜಿನ್‌ನಿಂದ ಬರೀ ರೀಮ್ಯಾಪಿನಲ್ಲಿ ಆ ಹತ್ತು ಸಿಗುವುದೂ ಕಷ್ಟ, ಒಳಗೆ ತುಂಬುವ ಗಾಳಿ ಹೆಚ್ಚದೆ ಶಕ್ತಿ ಎಲ್ಲಿಂದ ಬರಬೇಕು?

— ಟರ್ಬೊ ಇರುವ ಸಣ್ಣ ಕಾರುಗಳೂ ಈಗ ಬೇಕಾದಷ್ಟಿವೆ. ಅದರಲ್ಲಿ ರೀಮ್ಯಾಪ್ ಮಾಡಿದರೆ ಕಾಲು ಪಾಲಿನಷ್ಟು ಶಕ್ತಿ ಜಾಸ್ತಿ ಬರುತ್ತದೆ ಅನ್ನುತ್ತಾರೆ. ಅಲ್ಲಿಯೂ ಇದೇ ಮಾತೇ?

— ಅಲ್ಲಿ ನಿನ್ನ ವಾದಕ್ಕೆ ಬಲ ಇದೆ. ಆದರೂ ತಿರುವಿನಿಂದ ಹೊರಬರುವಾಗ ಏನಾಗುತ್ತದೆ ನೋಡು. ಈ ಕಾರುಗಳಲ್ಲಿ ಎಳೆಯುವುದು ಮುಂದಿನ ಚಕ್ರ, ತಿರುಗಿಸುವುದೂ ಅದೇ. ತಿರುವಿನಲ್ಲಿ ತೂಕ ಹೊರಗಿನ ಚಕ್ರದ ಮೇಲೆ ಹೋಗಿ ಕೂರುತ್ತದೆ, ಒಳಗಿನದು ಹಗುರವಾಗುತ್ತದೆ. ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಒಂದೇ ಪ್ರಮಾಣದ ಎಳೆತ ಕೊಡುವುದರಿಂದ ಹಗುರವಾದ ಚಕ್ರ ಎಷ್ಟು ತಾಳುತ್ತದೋ ಅಷ್ಟೇ ಇನ್ನೊಂದಕ್ಕೂ ಸಿಗುವುದು. ಹೆಚ್ಚಿಗೆ ಕೊಟ್ಟದ್ದು ಒಳಚಕ್ರವನ್ನು ಸುಮ್ಮನೆ ಸುತ್ತಿಸಿ ಹೊಗೆಯಾಗುತ್ತದೆ. ಆ ಶಕ್ತಿ ನೆಲಕ್ಕಿಳಿಯಬೇಕಾದರೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಬೇಕು, ಬಿಸಿ ಗಾಳಿ ತಣಿಸಲು ದೊಡ್ಡ ಇಂಟರ್‌ಕೂಲರ್ ಬೇಕು, ಕ್ಲಚ್ ತಾಳಬೇಕು. ಶಕ್ತಿ ಒಂಟಿಯಾಗಿ ಬರುವುದಿಲ್ಲ, ತನ್ನ ಪರಿವಾರವನ್ನೆಲ್ಲ ಕರೆದುಕೊಂಡೇ ಬರುತ್ತದೆ.

— ಇತಿಹಾಸದಲ್ಲಿ ಇದಕ್ಕೆ ಸಾಕ್ಷಿ ಇದೆಯೇ? ಲೆಕ್ಕ ಒಂದು ಹೇಳಬಹುದು, ಟ್ರ್ಯಾಕು ಇನ್ನೊಂದು ಹೇಳಬಹುದು.

— ಸಣ್ಣ ಕಾರು ಅಂದ ಮೇಲೆ ಬ್ರಿಟನ್ನಿನ ಮಿನಿಯನ್ನೇ ಕೇಳಬೇಕು. ಅಲೆಕ್ ಇಸಿಗೊನಿಸ್ 1959ರಲ್ಲಿ ಅದನ್ನು ಸಂಸಾರಸ್ಥರಿಗಾಗಿ ಮಾಡಿದ. 848 ಸಿಸಿ, 34 ಅಶ್ವಶಕ್ತಿ, ಹತ್ತಿಂಚಿನ ಚಕ್ರ. ರೇಸ್ ಕಾರು ಕಟ್ಟುತ್ತಿದ್ದ ಜಾನ್ ಕೂಪರ್ ಅದರಲ್ಲಿ ಕಂಡದ್ದು ತಿರುವಿನಲ್ಲಿ ಅದು ನೆಲಕ್ಕೆ ಅಂಟಿಕೊಳ್ಳುವ ರೀತಿಯನ್ನು. 1961ರ ಮಿನಿ ಕೂಪರ್‌ನಲ್ಲಿ ಎಂಜಿನ್ 997 ಸಿಸಿಗೆ, 55 ಅಶ್ವಶಕ್ತಿಗೆ ಏರಿತು. ಆ ಜೊತೆಗೇ ಮುಂದಿನ ಡ್ರಮ್ ಬ್ರೇಕ್ ಹೋಗಿ ಡಿಸ್ಕ್ ಬಂತು. ಶಕ್ತಿ ಹೆಚ್ಚಿಸಿದವರು ಬ್ರೇಕನ್ನು ಮರೆಯಲಿಲ್ಲ ಎಂಬುದನ್ನು ಗಮನಿಸು. 1966ರಲ್ಲಿ ಆಸ್ಟ್ರೇಲಿಯಾದ ಬಾಥರ್ಸ್ಟ್‌ನ 500 ಮೈಲಿ ಸ್ಪರ್ಧೆಯಲ್ಲಿ ಮೊದಲ ಒಂಬತ್ತೂ ಸ್ಥಾನ ಮಿನಿ ಕೂಪರ್ ಎಸ್ ಕಾರುಗಳಿಗೆ ಹೋಯಿತು. ಅಂಗಡಿಯಲ್ಲಿ ಮಾರುವಂಥ ಕಾರುಗಳದೇ ಸ್ಪರ್ಧೆ ಅದು, ಬದಲಾವಣೆಗೆ ಹೆಚ್ಚು ಅವಕಾಶವಿರಲಿಲ್ಲ. 1275 ಸಿಸಿಯ ಪುಟ್ಟ ಗಾಡಿ ಬೆಟ್ಟದ ಮೇಲಿನ ತಿರುವುಗಳಲ್ಲಿ ತನಗಿಂತ ದೊಡ್ಡ ಎಂಜಿನ್‌ಗಳನ್ನು ಹಿಂದೆ ಹಾಕಿತು.

— ಆದರೆ ಅಣ್ಣ, ಮರುವರ್ಷ 1967ರಲ್ಲಿ ಅದೇ ಬಾಥರ್ಸ್ಟ್‌ನಲ್ಲಿ ಗೆದ್ದದ್ದು ವಿ-8 ಎಂಜಿನ್‌ನ ಫೋರ್ಡ್ ಫಾಲ್ಕನ್. ದೊಡ್ಡ ಎಂಜಿನ್ ಬಂತು, ಮಿನಿಯ ಕಾಲ ಮುಗಿಯಿತು.

— ಅದು ನಿಜ, ಅದನ್ನು ಮುಚ್ಚಿಟ್ಟು ವಾದ ಗೆಲ್ಲುವುದು ಬೇಡ. ಅಲ್ಲಿನ ನೇರ ರಸ್ತೆ ಬಹಳ ಉದ್ದ. ಹಾಗಿರುವ ಕಡೆ, ನಿಲ್ಲಲೂ ತಿರುಗಲೂ ಬಲ್ಲ ಗಾಡಿಗೆ ದುಪ್ಪಟ್ಟಿಗೂ ಮೀರಿದ ಶಕ್ತಿ ಇದ್ದರೆ ಅದೇ ಗೆಲ್ಲುತ್ತದೆ. ಆದರೆ ಫಾಲ್ಕನ್ ಗೆದ್ದದ್ದು ಮಿನಿಯ ಎಂಜಿನ್ ಕೆತ್ತಿದ್ದರಿಂದಲ್ಲ, ಅದು ಹುಟ್ಟಿನಿಂದಲೇ ಬೇರೆ ಜಾತಿಯ ಕಾರು. ಯಾವ ಕಾರು ಕೊಂಡರೆ ಗೆಲ್ಲಬಹುದು ಎಂದು ನೀನು ಕೇಳಿದ್ದರೆ ನನ್ನ ಉತ್ತರವೂ ಬೇರೆ ಇರುತ್ತಿತ್ತು. ನಿನ್ನ ಕೈಲಿರುವುದು ಸ್ವಿಫ್ಟ್. 90ನ್ನು 98 ಮಾಡಬಹುದು, 200 ಮಾಡಲಾಗದು. ಆ ಎಂಟರಿಂದ ಒಂದು ಸುತ್ತಿಗೆ ಎಷ್ಟು ಸಿಗುತ್ತದೆ, ಅದೇ ದುಡ್ಡು ಟೈರಿಗೆ, ಶಾಕ್ ಅಬ್ಸಾರ್ಬರಿಗೆ ಹೋದರೆ ಎಷ್ಟು ಸಿಗುತ್ತದೆ ಎಂಬುದಷ್ಟೇ ನಾವು ತೂಗಬೇಕಾದದ್ದು.

— ಶಾಕ್ ಅಬ್ಸಾರ್ಬರ್ ಅಂದಿರಿ. ಗಾಡಿಯನ್ನು ಕೆಳಕ್ಕಿಳಿಸುವುದು ಎಲ್ಲರೂ ಮಾಡುವ ಕೆಲಸ. ಸ್ಪ್ರಿಂಗ್ ಎರಡು ಸುತ್ತು ಕತ್ತರಿಸಿದರೆ ಗಾಡಿ ನೆಲಕ್ಕೆ ಹತ್ತಿರ ಬಂದು ಗಟ್ಟಿಯಾಗಿ ಕೂರುತ್ತದೆ ಅನ್ನುತ್ತಾರೆ.

— ಇಲ್ಲಿಯೇ ಹೆಚ್ಚು ಕಾರುಗಳು ಕೆಡುವುದು, ಅದಕ್ಕೇ ಇದನ್ನು ನಿಧಾನವಾಗಿ ನೋಡೋಣ. ಗುರುತ್ವ ಕೇಂದ್ರ ಕೆಳಗೆ ಬಂದರೆ ಒಳ್ಳೆಯದು ಎಂಬ ತತ್ವ ಸರಿ. ತಿರುವಿನಲ್ಲಿ ಹೊರಚಕ್ರಕ್ಕೆ ವರ್ಗವಾಗುವ ತೂಕ ಗುರುತ್ವ ಕೇಂದ್ರದ ಎತ್ತರಕ್ಕೆ ತಕ್ಕಂತಿರುತ್ತದೆ. ಟೈರಿನ ಗುಣ ಏನೆಂದರೆ, ಅದರ ಮೇಲೆ ಎರಡರಷ್ಟು ಭಾರ ಹಾಕಿದರೆ ಹಿಡಿತ ಎರಡರಷ್ಟಾಗುವುದಿಲ್ಲ, ಸ್ವಲ್ಪ ಕಡಿಮೆಯೇ ಆಗುತ್ತದೆ. ಒಂದರ ಮೇಲೆ ಪೂರ್ತಿ ಹೇರುವುದಕ್ಕಿಂತ ಎರಡರ ಮೇಲೂ ಹಂಚುವುದು ಮೇಲು. ಇಷ್ಟನ್ನು ಕೇಳಿ ಸ್ಪ್ರಿಂಗ್ ಕತ್ತರಿಸಲು ಹೊರಟರೆ ಏನಾಗುತ್ತದೆ? ನಮ್ಮ ಸಣ್ಣ ಕಾರುಗಳ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅದರ ಕೆಳಗಿನ ತೋಳು ಚಕ್ರದ ಕಡೆಗೆ ಸ್ವಲ್ಪ ಇಳಿಜಾರಾಗಿರಬೇಕು. ಗಾಡಿಯನ್ನು ಅತಿಯಾಗಿ ಇಳಿಸಿದರೆ ಆ ತೋಳು ಚಕ್ರದ ಕಡೆಗೆ ಮೇಲೇರಿ ನಿಲ್ಲುತ್ತದೆ. ಆಗ ತಿರುವಿನಲ್ಲಿ ಗಾಡಿ ವಾಲಿದಷ್ಟೂ ಹೊರಚಕ್ರದ ತಲೆ ಹೊರಕ್ಕೆ ಬಾಗಿ ಟೈರು ತನ್ನ ಹೊರ ಅಂಚಿನ ಮೇಲೆ ಮಾತ್ರ ನಿಲ್ಲುತ್ತದೆ. ಸಾಲದ್ದಕ್ಕೆ ಗಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು, ಗುರುತ್ವ ಕೇಂದ್ರಕ್ಕಿಂತ ಬೇಗ ಕೆಳಗಿಳಿದುಬಿಡುತ್ತದೆ. ಇವೆರಡರ ನಡುವಿನ ಅಂತರ ಹೆಚ್ಚಿ ಗಾಡಿ ಮೊದಲಿಗಿಂತ ಹೆಚ್ಚೇ ವಾಲಲು ನೋಡುತ್ತದೆ. ಸ್ಟಿಯರಿಂಗ್ ರಾಡಿನ ಕೋನ ತಪ್ಪಿ, ಉಬ್ಬು ತಗ್ಗಿನ ಮೇಲೆ ಚಕ್ರ ತಾನೇ ತಾನಾಗಿ ಹೊರಳುತ್ತದೆ. ಶಾಕಿನ ಓಟ ಮುಗಿದು ರಬ್ಬರಿನ ತಡೆಗೆ ಬಡಿದ ಕ್ಷಣ ಸ್ಪ್ರಿಂಗೇ ಇಲ್ಲದಂತಾಗಿ ಹಿಡಿತ ಹಾರಿಹೋಗುತ್ತದೆ. ನೋಡಲು ರೇಸ್ ಕಾರು, ಓಡಿಸಲು ಕಂಪನಿ ಗಾಡಿಗಿಂತ ಕೆಟ್ಟದ್ದು. ಎರಡು ಬೆರಳಿನಷ್ಟು ಮಾತ್ರ ಇಳಿಸಬೇಕು, ಆ ಸ್ಪ್ರಿಂಗಿಗೆ ಒಪ್ಪುವ ಶಾಕ್ ಇರಬೇಕು. ಅದಕ್ಕಿಂತ ಮೊದಲು ಮುಂದಿನ ಚಕ್ರಗಳ ಕ್ಯಾಂಬರ್ ತಿದ್ದಬೇಕು. ಕಂಪನಿಯಿಂದ ಬರುವಾಗ ಹೆಚ್ಚುಕಡಿಮೆ ನೆಟ್ಟಗಿರುವ ಚಕ್ರದ ತಲೆಯನ್ನು ಎರಡು ಎರಡೂವರೆ ಡಿಗ್ರಿ ಒಳಕ್ಕೆ ವಾಲಿಸಿದರೆ, ತಿರುವಿನಲ್ಲಿ ಗಾಡಿ ವಾಲಿದಾಗ ಹೊರಟೈರು ಅಂಗೈಯಂತೆ ಪೂರ್ತಿ ನೆಲಕ್ಕೆ ಒತ್ತುತ್ತದೆ. ಕ್ಯಾಂಬರ್ ಬೋಲ್ಟಿನ ಬೆಲೆಯ ಈ ಕೆಲಸದಿಂದ ಸಿಗುವಷ್ಟು ಎಷ್ಟೋ ದುಬಾರಿ ಸಾಮಾನಿನಿಂದ ಸಿಗುವುದಿಲ್ಲ.

ಮುಂದಿನ ಚಕ್ರ ಎಳೆಯುವ ಕಾರಿಗೆ ಇನ್ನೊಂದು ರೋಗವಿದೆ. ನಮ್ಮ ಹುಡುಗರ ಮಾತಿನಲ್ಲಿ ಹೇಳುವುದಾದರೆ ಗಾಡಿ ಟರ್ನ್ ತಗೊಳ್ಳಲ್ಲ. ಸ್ಟಿಯರಿಂಗ್ ತಿರುಗಿಸಿದರೂ ಮೂಗು ಹೊರಕ್ಕೇ ಹೋಗುತ್ತದೆ. ಮದ್ದು ಇರುವುದು ಹಿಂದೆ. ಹಿಂಭಾಗವನ್ನು ಗಟ್ಟಿ ಮಾಡಿದರೆ ವರ್ಗವಾಗುವ ತೂಕದಲ್ಲಿ ಹೆಚ್ಚು ಪಾಲನ್ನು ಹಿಂದಿನ ಚಕ್ರಗಳು ಹೊರುತ್ತವೆ, ಮುಂದಿನ ಒಳಚಕ್ರಕ್ಕೆ ನೆಲದ ಮೇಲೆ ಇನ್ನಷ್ಟು ಒತ್ತು ಉಳಿಯುತ್ತದೆ. 1976ರ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಟ್ರ್ಯಾಕಿನಲ್ಲಿ ಹಿಂದಿನ ಒಳಚಕ್ರವನ್ನು ಗಾಳಿಯಲ್ಲಿ ಎತ್ತಿಕೊಂಡು ತಿರುಗುವ ಚಿತ್ರಗಳನ್ನು ನೀನೂ ನೋಡಿರಬಹುದು. ಅದು ಗಾಡಿ ಪಲ್ಟಿಯಾಗುವ ಲಕ್ಷಣವಲ್ಲ, ಮುಂದಿನ ಎರಡೂ ಚಕ್ರಗಳು ದುಡಿಯುತ್ತಿರುವ ಗುರುತು. ಇದನ್ನು ಅತಿ ಮಾಡಿದರೆ, ತಿರುವಿನ ನಡುವೆ ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟಾಗ ಹಿಂಭಾಗ ಹೊರಕ್ಕೆ ಹಾರುತ್ತದೆ. ಮಳೆಯಲ್ಲಂತೂ ಹೇಳುವುದೇ ಬೇಡ. ಅದಕ್ಕೇ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಟೈಮ್ ನೋಡಿ, ಮುಂದಿನದಕ್ಕೆ ಹೋಗಬೇಕು.

— ತೂಕದ ಮಾತು ಬಂತು. ಸೀಟು, ಕಾರ್ಪೆಟ್, ಸ್ಟೆಪ್ನಿ ಎಲ್ಲ ಬಿಚ್ಚಿ ಬಿಸಾಡಿದರೆ ಅರ್ಧ ಕೆಲಸ ಆದಂತಲ್ಲವೇ? ಅದಕ್ಕೆ ಖರ್ಚೂ ಇಲ್ಲ.

— ಎಳೆಯಲು, ನಿಲ್ಲಿಸಲು, ತಿರುಗಿಸಲು, ಮೂರಕ್ಕೂ ಒಟ್ಟಿಗೆ ಸಹಾಯ ಮಾಡುವುದು ತೂಕ ಇಳಿಸುವುದೊಂದೇ. ಕೊಯಮತ್ತೂರಿನ ಎಸ್. ಕರಿವರ್ಧನ್ ರೂಪಿಸಿದ ಫಾರ್ಮುಲಾ ಮಾರುತಿಯನ್ನು ನೆನೆಸಿಕೋ. ಬೆನ್ನಿಗಿದ್ದದ್ದು ಹಾಲು ತರಕಾರಿ ತರಲು ಹೋಗುತ್ತಿದ್ದ ಮಾರುತಿ 800ರ ಎಂಜಿನ್ನೇ. ಒಬ್ಬನೇ ಕೂರುವ ಹಗುರ ಚೌಕಟ್ಟು, ನೆಲಕ್ಕೆ ಹತ್ತಿದ ದೇಹ, ತೆರೆದ ಚಕ್ರ. ಮುಂದೆ ಫಾರ್ಮುಲಾ ಒನ್ ಮುಟ್ಟಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಕೂಡ ಅಂಥ ಕಾರಿನಲ್ಲಿ ಓಡಿಸಿದವರು. ಆದರೆ ನಿನ್ನದು ಬೆಂಗಳೂರಿನಿಂದ ಹೆದ್ದಾರಿಯಲ್ಲಿ ಓಡಿಸಿಕೊಂಡು ಹೋಗಿ, ಟ್ರ್ಯಾಕ್ ಮುಗಿಸಿ, ಅದರಲ್ಲೇ ಮನೆಗೆ ಬರಬೇಕಾದ ಕಾರು. ಟ್ರ್ಯಾಕ್ ತಲುಪಿದ ಮೇಲೆ ಸ್ಟೆಪ್ನಿ, ಜಾಕ್, ಹಿಂದಿನ ಸೀಟು ಇಳಿಸಿಡು. ನಲವತ್ತು ಕಿಲೋ ಇಳಿದರೂ ನೂರಕ್ಕೆ ನಾಲ್ಕು ಪಾಲು ಕಡಿಮೆಯಾಯಿತು. ಸೀಟ್ ಬೆಲ್ಟ್, ಏರ್ ಬ್ಯಾಗ್ ಮುಟ್ಟಬೇಡ. ಒಳಗೆ ಕಬ್ಬಿಣದ ಕೊಳವೆಗಳಿಂದ ಕಟ್ಟುವ ರೋಲ್ ಕೇಜ್ ರೇಸಿಗೆಂದೇ ಮೀಸಲಾದ ಕಾರಿಗೆ ಪ್ರಾಣರಕ್ಷಕ. ಹೆಲ್ಮೆಟ್ ಇಲ್ಲದೆ ರಸ್ತೆಯಲ್ಲಿ ಓಡಿಸುವಾಗ ಅಪಘಾತವಾದರೆ ಅದೇ ಕಬ್ಬಿಣದ ಕೊಳವೆ ತಲೆಗೆ ಬಡಿಯುತ್ತದೆ. ಕಾನೂನಿನ ಮಾತೂ ಇದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಿವರಿಸುತ್ತ, ತಯಾರಕರು ಕೊಟ್ಟ ಮೂಲ ಸ್ವರೂಪಕ್ಕೆ ಹೊರತಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದಿತು. ಅಬ್ಬರಿಸುವ ಸೈಲೆನ್ಸರ್, ಮೈಯಿಂದ ಹೊರಚಾಚಿದ ಚಕ್ರಕ್ಕೆ ಮೊದಲು ತೊಂದರೆ. ಪ್ಯಾಡು, ಬ್ರೇಕ್ ಆಯಿಲ್, ಅದೇ ಅಳತೆಯ ಒಳ್ಳೆಯ ಟೈರು ಸವೆದಂತೆಲ್ಲ ಬದಲಿಸುವ ಸಾಮಾನುಗಳು. ನಾನು ಮೊದಲು ಮಾಡು ಎಂದವು ಹೆಚ್ಚಿನಂಶ ಇವೇ.

— ಒಂದು ಕೊನೆಯ ಆಕ್ಷೇಪ. ನಿಜವಾದ ರೇಸಿನಲ್ಲಿ ಎಲ್ಲರೂ ಎಂಜಿನ್ ಕೆಲಸ ಮಾಡಿಸುತ್ತಾರೆ. ಗೆಲ್ಲುವವರು ಮಾಡುವುದನ್ನು ಬಿಟ್ಟು ನಾವು ಬೇರೆ ಹೇಗೆ ಗೆಲ್ಲುವುದು?

— ಅವರು ಉಳಿದೆಲ್ಲ ಮುಗಿಸಿ ಅಲ್ಲಿಗೆ ಬಂದಿದ್ದಾರೆ. ಟೈರು, ಬ್ರೇಕು, ಸಸ್ಪೆನ್ಷನ್ ಎಲ್ಲರದೂ ಒಂದೇ ಮಟ್ಟ ಮುಟ್ಟಿದ ಮೇಲೆ ಉಳಿದ ಅಂತರ ಎಂಜಿನ್‌ದು, ಆಗ ಅದಕ್ಕೆ ಕೈ ಹಾಕುವುದು ನ್ಯಾಯ. 2010ರಲ್ಲಿ ಭಾರತದಲ್ಲಿ ಶುರುವಾದ ಪೋಲೋ ಕಪ್‌ನಂಥ ಸ್ಪರ್ಧೆಗಳಲ್ಲಿ ಎಲ್ಲರಿಗೂ ಒಂದೇ ಬಗೆಯ ಕಾರು. ಅಂಥ ಕಡೆಗಳಲ್ಲೂ ಮುಂದಿನವನಿಗೂ ಕೊನೆಯವನಿಗೂ ಸುತ್ತೊಂದಕ್ಕೆ ಸೆಕೆಂಡುಗಟ್ಟಲೆ ವ್ಯತ್ಯಾಸ ಬೀಳುತ್ತದೆ. ಎಂಜಿನ್ ಒಂದೇ ಆಗಿರುವಾಗ ಆ ಸೆಕೆಂಡು ಎಲ್ಲಿಂದ ಬಂತು? ಎಲ್ಲಿ ಬ್ರೇಕ್ ಒತ್ತಿದ, ಎಷ್ಟು ನಯವಾಗಿ ಬಿಟ್ಟ, ಯಾವ ಗೆರೆ ಹಿಡಿದು ತಿರುಗಿದ ಎಂಬುದರಿಂದ. ತರಬೇತಿಗೆ, ಟ್ರ್ಯಾಕ್ ದಿನಗಳಿಗೆ ಹಾಕಿದ ದುಡ್ಡೂ ಮಾರ್ಪಾಡೇ, ಅದು ಮುಂದಿನ ಕಾರಿಗೂ ಜೊತೆಗೆ ಬರುತ್ತದೆ. ಎಂಜಿನ್ ಬಗ್ಗೆ ಒಂದು ಕಾಳಜಿ ಮಾತ್ರ ಮೊದಲೇ ಬೇಕು. ಹಿಡಿತ ಹೆಚ್ಚಿ ತಿರುವಿನ ಬಲ ಗುರುತ್ವದಷ್ಟೇ ಆದಾಗ ಎಂಜಿನ್ ತಳದ ಸಂಪಿನಲ್ಲಿರುವ ಎಂಜಿನ್ ಆಯಿಲ್ 45 ಡಿಗ್ರಿ ಓರೆಯಾಗಿ ಒಂದು ಗೋಡೆಗೆ ಏರುತ್ತದೆ. ಪಂಪಿನ ಬಾಯಿಗೆ ಗಾಳಿ ಸಿಕ್ಕರೆ ಬೇರಿಂಗ್ ಒಣಗಿ ಎಂಜಿನ್ ಮುಗಿಯಿತು. ಆಯಿಲ್ ಮೇಲಿನ ಗೆರೆವರೆಗೆ ತುಂಬಿರಲಿ. ಇನ್ನೂ ಅಂಟುವ ಟೈರು ಹಾಕಿದ ದಿನ ಸಂಪಿನೊಳಗೆ ಆಯಿಲ್ ತಡೆಯುವ ತಗಡು ಹಾಕಿಸು. ಇದರಿಂದ ಒಂದು ಅಶ್ವಶಕ್ತಿಯೂ ಹೆಚ್ಚುವುದಿಲ್ಲ, ಇರುವ ತೊಂಬತ್ತು ಉಳಿಯುತ್ತದೆ.

— ಸರಿ ಅಣ್ಣ. ಪ್ಯಾಡು, ಆಯಿಲು, ಟೈರು, ಕ್ಯಾಂಬರ್ ಇಷ್ಟು ಮಾಡಿಸಿಕೊಂಡು ಮೊದಲ ಸಲ ಟ್ರ್ಯಾಕ್‌ಗೆ ಹೋದೆ ಅಂತಿಟ್ಟುಕೊಳ್ಳಿ. ಅಲ್ಲಿ ಏನು ನೋಡಲಿ?

— ಐದು ಸುತ್ತು ಓಡಿಸು, ಆರನೆಯದರಲ್ಲಿ ಬ್ರೇಕ್ ಹೆಚ್ಚು ಮುಟ್ಟದೆ ನಿಧಾನವಾಗಿ ಬಂದು ಡಿಸ್ಕಿಗೆ ಗಾಳಿ ಆಡಲು ಬಿಡು. ನಿಂತ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡ, ಕಾದ ಡ್ರಮ್ಮಿಗೆ ಶೂ ಒತ್ತಿಕೊಂಡು ಕೂರುತ್ತದೆ. ಗೇರಿಗೆ ಹಾಕಿ ಚಕ್ರಕ್ಕೆ ಕಲ್ಲು ಕೊಡು. ಕೂಡಲೇ ನಾಲ್ಕೂ ಟೈರಿನ ಗಾಳಿ ಅಳೆದು ಬರೆದುಕೋ. ಬೆಳಿಗ್ಗೆ ತಣ್ಣಗಿದ್ದಾಗ ಇದ್ದದ್ದಕ್ಕಿಂತ ಐದಾರು ಪಿಎಸ್‌ಐ ಏರಿರುತ್ತದೆ, ಏರಿದ್ದನ್ನು ಬಿಸಿಯಿರುವಾಗಲೇ ಇಳಿಸು. ಟೈರಿನ ಹೊರ ಅಂಚು ಮಾತ್ರ ಉಜ್ಜಿದ್ದರೆ ಕ್ಯಾಂಬರ್ ಇನ್ನೂ ಬೇಕು ಎಂದರ್ಥ, ಅದನ್ನೂ ಬರೆ. ಸಂಜೆ ಹೆದ್ದಾರಿಗೆ ಇಳಿಯುವ ಮೊದಲು ಇಳಿಸಿದ ಗಾಳಿಯನ್ನು ಮತ್ತೆ ತುಂಬಿಸು, ಚಕ್ರದ ನಟ್ಟುಗಳನ್ನು ಸ್ಪ್ಯಾನರ್ ಹಾಕಿ ನೋಡು, ಪ್ಯಾಡು ಎಷ್ಟು ಉಳಿದಿದೆ ಎಂದು ಬಗ್ಗಿ ನೋಡು. ಬೆಂಗಳೂರಿಗೆ ಬರಲು ಇನ್ನೂ ಮುನ್ನೂರು ಕಿಲೋಮೀಟರ್ ಇರುತ್ತದೆ.